ಸೂಗಪ್ಪನವರ ಏರೋಡ್ರಮ್
ಹೈದರಾಬಾದಿನ ನಮ್ಮ ಕಾಲೊನಿಯ ಹಿಂದಿನ ಬಯಲನ್ನು ಎಲ್ಲರೂ ಮೈದಾನ ಅನ್ನುತ್ತಾರೆ. ಸೂಗಪ್ಪನವರು ಮಾತ್ರ ಏರೋಡ್ರಮ್ ಅನ್ನುತ್ತಾರೆ. ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಕಟ್ಟಿಸಿ ಬಿಟ್ಟುಹೋದ ವಿಮಾನನೆಲೆ ಅದು. ಈಗ ಉಳಿದಿರುವುದು ಬಿರುಕುಬಿಟ್ಟ ರನ್‌ವೇಯ ಒಂದು ತುಂಡು. ಸಿಟಿ ಬಸ್ ಓಡಿಸಿ ರಿಟೈರ್ ಆದ, ಯಾದಗಿರಿ ಮೂಲದ ಈ ಹಿರಿಯರು ಸಂಜೆ ವಾಕಿಂಗಿಗೆ ಬಂದವರನ್ನೆಲ್ಲ ತಡೆದು ನಿಲ್ಲಿಸುತ್ತಾರೆ. "ಲಡಾಯಿ ವಿಮಾನ ಎದ್ದರ ಸಾಕು, ಗಡಿಗ್ಯಾಗಿನ ಮೊಸರು ತಂತಾನ ಬೆಣ್ಣಿ ಬಿಡತಿತ್ತಂತರಿ!" ಎನ್ನುತ್ತಾರೆ. ರನ್‌ವೇ ಮೇಲೆ ಯಾರಾದರೂ ಉಗುಳಿದರೆ ತೆಲುಗು, ಉರ್ದು, ಕನ್ನಡ ಮೂರರಲ್ಲೂ ಬೈಯುತ್ತಾರೆ. ಕ್ರಿಕೆಟ್ ಚೆಂಡು ಎತ್ತರಕ್ಕೆ ಹಾರಿದರೆ "ಟೇಕಾಫ್!" ಎಂದು ಕೂಗುವವರೂ ಅವರೇ. ಬೆಣ್ಣೆಯ ಮಾತಿಗೆ ನಾನು ಎಷ್ಟೋ ಸಲ ನಕ್ಕಿದ್ದೇನೆ. ಮೊನ್ನೆ ಅವರು ನನ್ನನ್ನು ರನ್‌ವೇಯ ಅಂಚಿಗೆ ಕರೆದೊಯ್ದು, ಕೂತು, ಹುಲ್ಲು ಸರಿಸಿದರು. ಸಿಮೆಂಟಿನಲ್ಲಿ ಒಂದು ಬರಿಗಾಲಿನ ಗುರುತು, ಐದೂ ಬೆರಳು ಸ್ಪಷ್ಟವಾಗಿದ್ದವು. "ನಮ್ಮವ್ವಂದು," ಎಂದರು. "ಬುಟ್ಟಿ ಹೊರಾಕ ಬಂದಿದ್ಳು, ಆಗಿನ್ನಾ ಸಣ್ಣ ಹುಡುಗಿ. ಹಸಿ ಸಿಮೆಂಟಿನ್ಯಾಗ ಕಾಲಿಟ್ಟಿದ್ದಕ್ಕ ಭಾಳ ಬೈಸಿಕೊಂಡ್ಳಂತ. ಆಕಿದು ಒಂದೂ ಫೋಟೋ ಇಲ್ಲರಿ, ಇದೊಂದ ಐತಿ." ಯುದ್ಧಕ್ಕೆ ಹೊರಟ ವಿಮಾನಗಳೆಲ್ಲ ಅದರ ಪಕ್ಕದಲ್ಲೇ ಓಡಿ ಮೇಲೇರಿದ್ದವು. ಕಟ್ಟಿಸಿದ ಸಾಹೇಬರ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಆ ಪಾದ ನನ್ನ ಕೈಗಿಂತ ಸ್ವಲ್ಪವೇ ಉದ್ದವಿತ್ತು. ಮುಟ್ಟಲೆಂದು ಬಾಗಿದವಳು ಧೈರ್ಯ ಸಾಲದೆ ಹಾಗೇ ನಿಂತುಬಿಟ್ಟೆ.