ಇಳಾಳ ಹೆಸರಿನಲ್ಲಿ ಕೆರೆಕೋಡಿ

ಭಾನುವಾರ, ಜೂನ್ ೮. ಬೆಳಿಗ್ಗೆ ಹತ್ತೂಕಾಲಿಗೆ ಬರೆಯಲು ಕೂತೆ.

ನಿನ್ನೆ ಮಗುವನ್ನು ತೋರಿಸಲು ಹೋದಾಗ ಕ್ಲಿನಿಕ್ಕಿನ ನರ್ಸ್ ಒಂದು ಊರಿನ ಹೆಸರನ್ನು ಕೂಗಿದಳು, ನಮ್ಮ ಭಾವ ಎದ್ದು ನಿಂತರು. ಕರ್ನಾಟಕದಲ್ಲಿ ಅವರು ಕೆ. ಮಂಜುನಾಥ. ಪಾಸ್‌ಪೋರ್ಟಿಗಾಗಿ 'ಕೆ'ಯನ್ನು ಬಿಡಿಸಿ ಬರೆದಾಗ ಅವರ ಅಪ್ಪನ ಊರು ಕೆರೆಕೋಡಿ ಹೋಗಿ ಮನೆತನದ ಹೆಸರಿನ ಜಾಗದಲ್ಲಿ ಕೂತಿತು. ಮಲೇಷ್ಯಾದಲ್ಲಿ ಅವರು ಮಿಸ್ಟರ್ ಕೆರೆಕೋಡಿ.

ಓದಲು ಬಂದ ನಾನು ಏಳು ತಿಂಗಳಿಂದ ಸುಬಾಂಗ್ ಜಯಾದ ಅಕ್ಕನ ಮನೆಯಲ್ಲಿದ್ದೇನೆ. ಊರುಗಳ ಹೆಸರಿನ ಅರ್ಥ ಕೇಳುತ್ತಲೇ ಈ ನಾಡನ್ನು ಕಲಿಯುತ್ತಿದ್ದೇನೆ. ಸುಂಗೈ ಅಂದರೆ ಹೊಳೆ, ಬುಕಿಟ್ ಅಂದರೆ ಗುಡ್ಡ. ಅರ್ಥ ತಿಳಿದ ಮೇಲೆ ಸ್ಟೇಷನ್ನಿನ ಬೋರ್ಡುಗಳೂ ಅಷ್ಟು ಅಪರಿಚಿತವಲ್ಲ.

ಅಕ್ಕನ ಮಗಳಿಗೆ ಇಳಾ ಎಂದು ಹೆಸರು. ನಾಳೆ ಜನನ ನೋಂದಣಿ.

"ಕೆರೆಕೋಡಿ ಬೇಡ, ನಾನು ಪಟ್ಟ ಪಾಡು ಸಾಕು. ಅಪ್ಪ ಬಿಟ್ಟ ಊರು, ನಾನು ಕಂಡೂ ಇಲ್ಲ," ಎಂದರು ಭಾವ, ನಿನ್ನೆ ಕ್ಲಿನಿಕ್ಕಿನಿಂದ ಮನೆಗೆ ಬಂದ ಮೇಲೆ.

"ಹಾಗಾದ್ರೆ ಹುಟ್ಟಿದ ಊರು ಹಾಕ್ಸಿ. ಸುಬಾಂಗ್ ಇಳಾ!" ಅಕ್ಕ ರೇಗಿಸಿದಳು. ಮುಖ ಮಾತ್ರ ಸಪ್ಪಗಿತ್ತು. ಊರು ಬಿಟ್ಟದ್ದು ಸಾಲದೆ, ಮಗಳ ಹೆಸರಿನಿಂದಲೂ ಅದನ್ನು ಅಳಿಸಬೇಕೇ ಎಂಬುದು ಅವಳ ಸಂಕಟ.

ಅಷ್ಟರಲ್ಲಿ ಮಗುವನ್ನು ನೋಡಲು ಮೇಲಿನ ಮಹಡಿಯ ಆನೆಕೆ ಬಂದರು. ಡಚ್ ಹೆಂಗಸು, ಇಲ್ಲಿ ಬಹಳ ವರ್ಷ ಇದ್ದು ಇಲ್ಲಿಯವರ ಹಾಗೇ ಇಂಗ್ಲಿಷ್ ಮಾತಿನ ಕೊನೆಗೊಂದು 'ಲಾ' ಸೇರಿಸುತ್ತಾರೆ. ಮನೆತನದ ಹೆಸರು ವಾನ್ ಡೆನ್ ಬ್ರುಕ್. ಬ್ರುಕ್ ಅಂದರೆ ಜೌಗು ನೆಲ, ಆ ನೆಲದವರು ಅವರು. ಅವರ ಕಡೆಯ ಹಳ್ಳಿಯ ಹೆಸರಿನಲ್ಲಿ ಡೈಕ್ ಇದ್ದರೆ ಏರಿ, ಡಾಮ್ ಇದ್ದರೆ ಕಟ್ಟೆ, ಹಾರ್ಸ್ಟ್ ಇದ್ದರೆ ಪೊದೆ ಬೆಳೆದ ದಿಬ್ಬವಂತೆ. ಅಲ್ಲಿಯವರಿಗೆ ನೀರು ಹೆಚ್ಚಾಗಿತ್ತು, ನಮ್ಮವರು ಹುಡುಕಿಕೊಂಡು ಹೋಗಿ ನೀರಿನ ಪಕ್ಕ ಊರು ಕಟ್ಟಿದರು.

"ಆ ಜೌಗು ಈಗಲೂ ಇದೆಯಾ?" ಭಾವ ಕೇಳಿದರು.

"ಎಲ್ಲಿ ಲಾ! ಮುತ್ತಜ್ಜನ ಕಾಲಕ್ಕೇ ನೀರು ಬಸಿದು ಹುಲ್ಲುಗಾವಲು ಮಾಡಿದ್ರು. ನಿಮ್ಮ ಹೆಸರಿನ ಅರ್ಥ?"

"ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗೋ ಜಾಗ."

"ಯಾವ ಕಡೆಗೆ ಹೋಗತ್ತೆ?"

ಭಾವನಿಗೆ ಗೊತ್ತಿರಲಿಲ್ಲ. ಮೈಸೂರಿನ ದೊಡ್ಡಪ್ಪನಿಗೆ ಫೋನ್ ಮಾಡಿದರು. ಅವರಿಗೂ ನೆನಪಿಲ್ಲ. ಭಾವ ಫೋನ್ ಕೆಳಗಿಟ್ಟು ಅಕ್ಕನ ಕಡೆ ತಿರುಗಿದರು.

"ಕೆರೆಕೋಡಿ ಇರ್ಲಿ ಕಣೇ. ಹೆಸರೂ ಹೋದ್ರೆ ಹೀಗೆ ಕೇಳೋರೂ ಇರಲ್ಲ."

ನಾಳೆಯಿಂದ ಅವಳು ಇಳಾ ಕೆರೆಕೋಡಿ. ಅವಳು ಬೆಳೆಯುವುದು ಇಲ್ಲೇ, ಈ ಲಿಫ್ಟು, ಈ ರೈಲುಗಳ ನಡುವೆ. ನಿನ್ನ ಊರು ಯಾವುದು ಎಂದರೆ ನಾನೇ ಈಗೀಗ ತಡವರಿಸುತ್ತೇನೆ. ಇದನ್ನು ಓದುವವರಲ್ಲಿ ಅರಸೀಕೆರೆ ಕಡೆಯ ಕೆರೆಕೋಡಿಯನ್ನು ಬಲ್ಲವರು ದಯವಿಟ್ಟು ಬರೆಯಿರಿ: ಕೆರೆ ಉಳಿದಿದೆಯೇ? ಕೋಡಿ ಬಿದ್ದಾಗ ನೀರು ಯಾವ ಕಡೆಗೆ ಹರಿಯುತ್ತಿತ್ತು? ಇಳಾ ಕೇಳುವಷ್ಟರಲ್ಲಿ ನಮಗೆ ತಿಳಿದಿರಬೇಕು.