ಕೆಂಚನ ಹೆಸರಿಗೊಂದು ಅರ್ಚನೆ

ಕಡಲೆಬೀಜದಷ್ಟು ಗಾತ್ರದ ಎರಡು ಇಯರ್‌ಫೋನುಗಳು ಪುಟ್ಟ ಬಿಳಿ ಡಬ್ಬಿಯೊಂದರಲ್ಲಿ ಮಲಗಿರುತ್ತವೆ, ಮಗಳು ಕೊಡಿಸಿದ್ದು. ಗೆಳೆಯರೇ, ಚಾಮರಾಜಪೇಟೆಯ ನನ್ನ ಓರಗೆಯ ನಿವೃತ್ತ ಮೇಷ್ಟರುಗಳು ಸಹಸ್ರನಾಮ ಕೇಳುತ್ತ ಬೆಳಗಿನ ವಾಕಿಂಗ್ ಹೋದರೆ, ನಾನು ಹುಣ್ಣಿಮೆಗೆ ತೋಳವಾಗುವ ನರತೋಳಗಳೂ ಮಾಟಗಾತಿಯರೂ ಮಹಾನಗರವೊಂದರ ಗಲ್ಲಿಗಳಲ್ಲಿ ಕಾದಾಡುವ ಧಾರಾವಾಹಿ ಕೇಳುತ್ತ ಹೋಗುತ್ತೇನೆ. ಹೆದರಿಕೆಯೂ ಉಪ್ಪಿನಕಾಯಿಯಂತೆ, ಎಲೆಯ ತುದಿಯಲ್ಲಿರುವಷ್ಟು ಹೊತ್ತು ರುಚಿ.

ಆ ದಿನ ಕಥಾನಾಯಕನನ್ನು ಅಂಥದೊಂದು ತೋಳ ಕಚ್ಚಿತು. ಕಚ್ಚಿಸಿಕೊಂಡವನೂ ನರತೋಳವಾಗುತ್ತಾನಂತೆ. ಹುಣ್ಣಿಮೆ ಬಂದಾಗ ಅವನು ಮನುಷ್ಯನಾಗಿ ಉಳಿಯುವನೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದ ನಾನು ನಮ್ಮ ಬೀದಿಯ ನಾಯಿ ಕೆಂಚನ ಬಾಲ ತುಳಿದೆ. ಅವನು ಮೊದಲು ಗುರುಗುಟ್ಟಿಯೇ ಇರಬೇಕು. ನನ್ನ ಕಿವಿಯಲ್ಲಿ ಆಗಲೇ ಬೇಕಾದಷ್ಟು ಗುರುಗುಟ್ಟುವಿಕೆ ತುಂಬಿತ್ತು. ಮೀನಖಂಡಕ್ಕೆ ಹಲ್ಲು ನಾಟಿತು.

ಡಾಕ್ಟರಮ್ಮ ಗಾಯ ತೊಳೆದು, ಚುಚ್ಚುಮದ್ದು ಕೊಟ್ಟು, "ಎಲ್ಲಾ ಡೋಸೂ ತಪ್ಪದೆ ಹಾಕಿಸ್ಕೊಳಿ. ಹತ್ತು ದಿನ ಆ ನಾಯಿ ಮೇಲೂ ಒಂದು ಕಣ್ಣಿಟ್ಟಿರಿ. ಅದು ಚೆನ್ನಾಗಿದ್ರೆ ರೇಬೀಸ್ ಭಯ ಇಲ್ಲ" ಎಂದರು.

ಮದ್ದು ಮೈಗೆ ಹೋಯಿತು, ಧೈರ್ಯ ಬರಲಿಲ್ಲ. ಆ ರೋಗ ಬಂದವರಿಗೆ ನೀರು ಕಂಡರೇ ಹೆದರಿಕೆಯಂತೆ. ಎದ್ದೊಡನೆ ಲೋಟದ ನೀರನ್ನು ಅನುಮಾನದಿಂದ ನೋಡುವುದು, ಗುಟುಕು ಇಳಿದರೆ ಗೆದ್ದೆನೆಂದುಕೊಳ್ಳುವುದು, ಬಿಸ್ಕತ್ತು ಹಿಡಿದು ಕೆಂಚನ ಯೋಗಕ್ಷೇಮ ವಿಚಾರಿಸಲು ಓಡುವುದು. ಅವನು ಆಕಳಿಸಿದರೂ ನನಗೆ ಕಳವಳ. ಕಥೆಯಲ್ಲಿ ಕಚ್ಚಿದ ತೋಳ ಸಾಯಲೆಂದು ಊರಿಗೆ ಊರೇ ಕಾದಿತ್ತು. ಕಚ್ಚಿದವನು ನೂರು ವರ್ಷ ಬಾಳಲೆಂದು ಹಾರೈಸುತ್ತಿದ್ದವನು ನಾನೊಬ್ಬನೇ. ಕೇಳುವ ಭಯವನ್ನು ಬೇಕೆಂದಾಗ ನಿಲ್ಲಿಸಬಹುದು. ಬದುಕಿನ ಭಯ ಹಾಗಲ್ಲ, ಅದು ನಮ್ಮ ಜೀವವನ್ನು ಇನ್ನೊಂದು ಜೀವದ ಬಾಲಕ್ಕೆ ಕಟ್ಟಿಬಿಡುತ್ತದೆ.

ವಾರ ಕಳೆಯುವಷ್ಟರಲ್ಲಿ, ಒಂದು ಬೆಳಿಗ್ಗೆ ಕೆಂಚ ಕಾಣಲಿಲ್ಲ. ಗಲ್ಲಿಗಲ್ಲಿ ಹುಡುಕಿ, ನಾಲಗೆ ಒಣಗಿ ಮನೆಗೆ ಬಂದೆ. ಹೆಂಡತಿ ಸುಧಾ ಹಣ್ಣುಕಾಯಿ ತೆಗೆದುಕೊಂಡು ಬೀದಿ ಕೊನೆಯ ಗುಡಿಗೆ ನನ್ನನ್ನು ಕರೆದೊಯ್ದಳು.

"ಯಾರ ಹೆಸರಿಗಮ್ಮಾ?" ಎಂದರು ಅರ್ಚಕರು.

"ಕೆಂಚ ಅಂತ. ನಕ್ಷತ್ರ ಗೊತ್ತಿಲ್ಲ. ಆರೋಗ್ಯಕ್ಕೆ."

"ನಿಮಗೇನಾಗ್ಬೇಕು?"

ಸುಧಾ ನನ್ನ ಮುಖ ನೋಡಿದಳು. ನಾನು ದೀಪ ನೋಡಿದೆ. ಅರ್ಚಕರು ಆ ಹೆಸರಿಗೇ ಅರ್ಚನೆ ಮಾಡಿದರು.

ಬರುವಾಗ ಮದುವೆ ಛತ್ರದ ಹಿಂದೆ, ಎಂಜಲೆಲೆಗಳ ಪಕ್ಕದಲ್ಲಿ, ಕೆಂಚ ಕಾಲು ಚಾಚಿ ಬಿದ್ದಿದ್ದ. ಕರೆದೆ, ಅಲುಗಲಿಲ್ಲ. ಹತ್ತಿರ ಹೋಗಿ ಬಗ್ಗಿದೆ. ಆಗ ಒಂದು ಕಿವಿ ನಿಮಿರಿತು. ಹೋಳಿಗೆ ಉಂಡ ಭಾರಕ್ಕೆ ಕಣ್ಣರ್ಧ ತೆರೆದು ನನ್ನನ್ನು ನೋಡಿ, ಬಾಲವನ್ನು ಜೋಪಾನವಾಗಿ ಒಳಗೆಳೆದುಕೊಂಡ. ನನಗೆ ಅಳು ಬಂದುಬಿಟ್ಟಿತು.

"ಅಳ್ತಿರೋದು ನಿಮಗೋಸ್ಕರನೋ, ಅದಕ್ಕೋಸ್ಕರನೋ?" ಎಂದಳು ಸುಧಾ.

ಆ ಹತ್ತು ದಿನ ಮುಗಿದು ಎಷ್ಟೋ ಕಾಲವಾಯಿತು. ಬಿಸ್ಕತ್ತು ನಿಂತಿಲ್ಲ. ಕಥಾನಾಯಕ ಹುಣ್ಣಿಮೆಗೆ ತೋಳವಾದ. ಈಗ ಅವನ ಪಾಡನ್ನು ಬಲಗಿವಿಯೊಂದರಲ್ಲೇ ಕೇಳುತ್ತೇನೆ, ಎಡಗಿವಿಯ ಇಯರ್‌ಫೋನು ಡಬ್ಬಿಯಲ್ಲೇ ಉಳಿಯುತ್ತದೆ. ಮೊನ್ನೆ ಬೆಳಿಗ್ಗೆ ಅರ್ಚಕರು ದಾರಿಯಲ್ಲಿ ಸಿಕ್ಕಿ, "ಕೆಂಚ ಅವರು ಹೇಗಿದಾರೆ ಈಗ?" ಎಂದು ಕೇಳಿದರು.

"ಚೆನ್ನಾಗಿದಾರೆ" ಎಂದೆ. ಎಡಗಿವಿಗೆ, ಬೆನ್ನ ಹಿಂದೆಯೇ ಬರುತ್ತಿದ್ದವನ ಉಗುರುಗಳ ಸದ್ದು ಕೇಳುತ್ತಿತ್ತು.