ನಿಂಬೆಹಣ್ಣಿನ ಮುಂದೆ ನಿಂತ ಕಾರು

ನಮ್ಮ ಕಾರನ್ನು ಓಡಿಸಲು ಎಡಗಾಲು ಬೇಕಿಲ್ಲ. ನಾನು ಅದನ್ನು ಪ್ರೀತಿಸುವುದಕ್ಕೆ ಇದಕ್ಕಿಂತ ಘನವಾದ ಕಾರಣವೇನೂ ಇಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐವತ್ತು ದಾಟಿದ ಮೇಲೆ ಹುಮ್ಮಸ್ಸು ಬಂದು ಜಯನಗರದ ಡ್ರೈವಿಂಗ್ ಸ್ಕೂಲೊಂದಕ್ಕೆ ಸೇರಿದ್ದೆ. ಅಲ್ಲಿ ಕಲಿಸುತ್ತಿದ್ದವರು ತಾಳ್ಮೆಯ ಮನುಷ್ಯರು. ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು ಎಂದು ದಿನವೂ ಹೇಳುತ್ತಿದ್ದರು. ನಾನೂ ನಿಧಾನವಾಗಿಯೇ ಬಿಡುತ್ತಿದ್ದೆ. ಆದರೆ ಕಾರಿನ ನಿಧಾನವೇ ಬೇರೆ, ನನ್ನ ಮಂಡಿಯ ನಿಧಾನವೇ ಬೇರೆ. ಸಿಗ್ನಲ್ಲು ಹಸಿರಾದಾಗಲೆಲ್ಲ ಕಾರು ಬಿಕ್ಕಳಿಸಿ ನಿಲ್ಲುತ್ತಿತ್ತು, ಹಿಂದಿದ್ದವರೆಲ್ಲ ಹಾರನ್ ಹೊಡೆಯುತ್ತಿದ್ದರು. ಕೆಲಸದಲ್ಲಿದ್ದಷ್ಟು ಕಾಲ ಹೈಸ್ಕೂಲಿನ ಮಕ್ಕಳನ್ನು ಇತಿಹಾಸದಲ್ಲಿ ಪಾಸು ಮಾಡಿಸಿದ ನಾನು ನಡುರಸ್ತೆಯಲ್ಲಿ ಫೇಲಾಗಿ ಮನೆಗೆ ಬಂದೆ. ಆಮೇಲೆ, ಕ್ಲಚ್ಚೇ ಇಲ್ಲದ ಈ ಆಟೋಮ್ಯಾಟಿಕ್ ಕಾರು ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು. ಆಗಲೇ ಅದಕ್ಕೂ ವಯಸ್ಸಾಗಿತ್ತು, ನನಗೂ ಆಗಿತ್ತು. ಗೇರಿನ ಹಿಡಿಯನ್ನು ‘ಡಿ’ ಎಂಬಲ್ಲಿಗೆ ಎಳೆದು ಬ್ರೇಕಿನ ಮೇಲಿಂದ ಕಾಲು ತೆಗೆದರೆ ಸಾಕು, ತಾನೇ ಹೊರಡುತ್ತದೆ.

ಆ ಕಾರಿನಲ್ಲಿ ನಾನು ದೇಶ ಸುತ್ತಿದವಳೇನಲ್ಲ. ಪ್ರತಿ ಗುರುವಾರ ಜೆ.ಪಿ. ನಗರದ ನಮ್ಮ ಮನೆಯಿಂದ ಗೊಟ್ಟಿಗೆರೆಗೆ ಹೋಗಿ ನನ್ನ ಅಕ್ಕನನ್ನು ಹತ್ತಿಸಿಕೊಳ್ಳುತ್ತಿದ್ದೆ, ಅಷ್ಟೆ. ಅಕ್ಕ ಇಷ್ಟು ವರ್ಷವೂ ಯಾರೋ ಕರೆದುಕೊಂಡು ಹೋದಲ್ಲಿಗೆ ಹೋಗಿ, ಅವರು ಹೊರಟಾಗ ಹೊರಟು ಬಂದವಳು. ನನ್ನ ಪಕ್ಕ ಕೂತಳೆಂದರೆ ಮಾತ್ರ ಎಡಕ್ಕೆ ತಿರುಗಿಸು ನೋಡೋಣ ಅನ್ನುತ್ತಾಳೆ. ಎಡಕ್ಕೆ ಏನಿದೆ ಎಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಾಳೆ. ಹೀಗೆ ತಿರುಗಿ ತಿರುಗಿ ನಾವಿಬ್ಬರೂ ಎಷ್ಟೋ ಡೆಡ್ ಎಂಡುಗಳನ್ನೂ ಒಂದೆರಡು ಒಳ್ಳೆಯ ದೋಸೆ ಹೋಟೆಲುಗಳನ್ನೂ ಕಂಡುಹಿಡಿದಿದ್ದೇವೆ. ಕ್ಯಾಬ್ ಹತ್ತಿದರೆ ಈ ಸುಖವಿಲ್ಲ. ಎಲ್ಲಿಗೆ ಹೋಗಬೇಕೆಂದು ಮೊದಲೇ ಹೇಳಬೇಕು.

ಇಂಥ ಕಾರು ಹೋದ ವರ್ಷ ಆಯುಧಪೂಜೆಯ ದಿನ ನಿಂಬೆಹಣ್ಣಿನ ಮುಂದೆ ನಿಂತುಬಿಟ್ಟಿತು.

ಪೂಜೆಯಾದ ಮೇಲೆ ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸುವುದು ನಮ್ಮ ಮನೆಯಲ್ಲಿ ಗಂಡಸರ ಹಕ್ಕು. ವರ್ಷವೆಲ್ಲ ಓಡಿಸುವವಳು ನಾನು. ಆ ಒಂದು ದಿನ ಮಾತ್ರ ನಮ್ಮನೆಯವರು ಪಂಚೆ ಎತ್ತಿ ಕಟ್ಟಿ ಸ್ಟಿಯರಿಂಗ್ ಹಿಡಿಯುತ್ತಾರೆ. ಅವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ, ತಯಾರಾದ ಸಾಮಾನು ಸರಿಯಾಗಿದೆಯೇ ಇಲ್ಲವೇ ಎಂದು ಪರೀಕ್ಷಿಸುವ ವಿಭಾಗದಲ್ಲಿದ್ದು ರಿಟೈರಾದವರು. ಈಗಲೂ ಮನೆಗೆ ಬಂದ ತರಕಾರಿ ಅವರ ಕೈಯಲ್ಲಿ ಪಾಸಾಗಿಯೇ ಒಳಗೆ ಬರಬೇಕು. ಅಂದು ಹಾರ, ಅರಿಶಿನ, ಕುಂಕುಮ ಎಲ್ಲ ಆಗಿ, ಗೇರನ್ನು ಡಿಗೆ ಹಾಕಿ ಕಾಲು ತೆಗೆದರು. ಕಾರು ಅಲುಗಲಿಲ್ಲ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಎದುರು ಮನೆಯವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. ಇವರು ಆಕ್ಸಿಲರೇಟರ್ ಒತ್ತಿದರು. ಕಾರು ಇನ್ನೂ ಸ್ವಲ್ಪ ಯೋಚನೆ ಮಾಡಿ, ಧಡಕ್ಕನೆ ನೆಗೆದು, ನಿಂಬೆಹಣ್ಣನ್ನೂ ರಂಗೋಲಿಯನ್ನೂ ದಾಟಿ, ಗೇಟಿನ ಪಕ್ಕದ ದಾಸವಾಳದ ಕುಂಡವನ್ನು ಒಡೆದು ನಿಂತಿತು. ನಿಂಬೆಹಣ್ಣು ದಪ್ಪವಾಯಿತು ಎಂದರು ನಮ್ಮನೆಯವರು.

ತಪ್ಪು ಗೇರಿನದು ಎಂದು ಸಂಜೆಯೊಳಗೆ ಅವರಿಗೂ ಮನವರಿಕೆಯಾಯಿತು. ಈ ವಯಸ್ಸಿನ ಕಾರಿಗೆ ಹೊಸ ಗೇರ್‌ಬಾಕ್ಸ್ ಹಾಕಿಸುವ ಮಾತೇ ಇಲ್ಲ. ಇರುವುದು ಹೋದರೆ ಗುಜರಿಯೇ ಗತಿ. ಇದು ನಿಜ. ಆದರೆ ಅಲ್ಲಿಂದ ಅವರು ಬಂದು ತಲುಪಿದ ತೀರ್ಮಾನ ನಮ್ಮ ಕಡೆಯವರಿಗೆ ಮಾತ್ರ ಹೊಳೆಯುವಂಥದು: ಕಾರನ್ನು ಜೋಪಾನ ಮಾಡಬೇಕು, ಆದ್ದರಿಂದ ಓಡಿಸಬಾರದು. ಮಾರನೆಯ ವಾರ ಕಾರಿಗೆ ಬೂದು ಬಣ್ಣದ ಹೊದಿಕೆ ಬಂತು. ದಿನಾ ಬೆಳಿಗ್ಗೆ ಅದನ್ನು ಸರಿಸಿ, ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು, ಗೇರಿನ ಹಿಡಿಯನ್ನು ಪಿ, ಆರ್, ಎನ್, ಡಿ ಎಂದು ಇಳಿಸಿ, ಡಿ, ಎನ್, ಆರ್, ಪಿ ಎಂದು ಏರಿಸುತ್ತಿದ್ದರು. ಸಂಧ್ಯಾವಂದನೆಯನ್ನೂ ಅವರು ಅಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ನಾನು ನೋಡಿಲ್ಲ. ಗೇರಿಗೆ ವ್ಯಾಯಾಮವಾಗುತ್ತದಂತೆ. ಮುಗಿದ ಮೇಲೆ ಹೊದಿಕೆ ಹೊದಿಸಿ, ಗೊಟ್ಟಿಗೆರೆಗೆ ಕ್ಯಾಬ್ ಬುಕ್ ಮಾಡಿಕೊಡಲೇ ಎಂದು ನನ್ನನ್ನು ಕೇಳುತ್ತಿದ್ದರು.

ಮುಟ್ಟದೆ ಇಡುವುದರಲ್ಲಿ ನಮ್ಮ ಜಯನಗರ, ಬನಶಂಕರಿ ಕಡೆಯ ಹಳೆಯ ಸಂಸಾರಗಳದ್ದು ಎತ್ತಿದ ಕೈ. ಸೋಫಾದ ಮೇಲಿನ ಪ್ಲಾಸ್ಟಿಕ್ಕನ್ನು ಒಳಗೆ ಸೋಫಾ ಹರಿದರೂ ತೆಗೆಯುವುದಿಲ್ಲ. ನಮ್ಮ ಷೋಕೇಸಿನ ಪಿಂಗಾಣಿ ಟೀ ಸೆಟ್ಟಿನಲ್ಲಿ ಇಂದಿನವರೆಗೆ ಯಾರೂ ಟೀ ಕುಡಿದಿಲ್ಲ. ನಾವು ಕುಡಿಯುವುದು ಕಾಫಿ, ಅದೂ ಸ್ಟೀಲ್ ಲೋಟದಲ್ಲಿ. ನನ್ನ ಮದುವೆಯ ರೇಷ್ಮೆ ಸೀರೆ ಮಡಿಕೆ ಮಡಿಕೆಗೂ ಬಿರಿದದ್ದು ಬೀರುವಿನ ಒಳಗೇ, ಉಟ್ಟು ಹರಿದದ್ದಲ್ಲ. ಇತಿಹಾಸದ ಪಾಠದಲ್ಲೂ ಇಂಥವರು ಬರುತ್ತಿದ್ದರು. ಕಾಲಕ್ಕೆ ಬೇಕಾದೀತೆಂದು ಮದ್ದುಗುಂಡನ್ನೆಲ್ಲ ಕೋಟೆಯೊಳಗೆ ಕೂಡಿಟ್ಟು, ಕಾಲ ಬಂದಾಗ ಮದ್ದು ಒದ್ದೆಯಾಗಿರುವುದನ್ನು ಕಂಡ ರಾಜರು. ಕ್ಲಾಸಿನಲ್ಲಿ ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಯಲ್ಲಿ ಷೋಕೇಸಿದೆ ಎಂಬುದು ಆಗ ನೆನಪಾಗುತ್ತಿರಲಿಲ್ಲ.

ಕ್ಯಾಬಿನಲ್ಲಿ ಒಂದೆರಡು ಗುರುವಾರ ಹೋಗಿ ನೋಡಿದೆ. ಅಕ್ಕ ಹಿಂದಿನ ಸೀಟಿನಲ್ಲಿ ಕೈಚೀಲ ಹಿಡಿದುಕೊಂಡು ನೆಂಟರ ಮನೆಗೆ ಬಂದವಳಂತೆ ಕೂತಳು. ಎಡಕ್ಕೆ, ಬಲಕ್ಕೆ ಏನೂ ಅನ್ನಲಿಲ್ಲ. ಅದನ್ನು ನೋಡಿ ನನಗೆ ಬಹಳ ಬೇಜಾರಾಯಿತು. ಮಾರನೆಯ ದಿನ ಹೊದಿಕೆ ಕಿತ್ತು, ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜರಗನಹಳ್ಳಿಯ ಮುನಿರಾಜು ಅವರ ಗ್ಯಾರೇಜಿಗೆ ಕಾರು ಓಡಿಸಿದೆ.

ಮುನಿರಾಜು ಆ ಊರಿನವರೇ. ಅವರ ತಾತನ ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ, ಕೆಳಗೆ ಗ್ಯಾರೇಜಿದೆ. ಅವರು ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದು, ಗೇರಿನ ಎಣ್ಣೆ ಬದಲಾಯಿಸಿ ಎಷ್ಟು ಕಾಲವಾಯಿತು ಎಂದು ಕೇಳಿದರು. ನಮ್ಮನೆಯವರು ಹೆಮ್ಮೆಯಿಂದ, ಒಂದು ಸಲವೂ ಮುಟ್ಟಿಲ್ಲ, ಅದು ಲೈಫ್‌ಟೈಮ್ ಎಣ್ಣೆ ಎಂದು ಹಳೆಯ ಓನರೇ ಹೇಳಿದ್ದಾರೆ ಎಂದರು.

ಈ ಲೈಫ್‌ಟೈಮ್ ಎಂಬುದು ಯಾರ ಲೈಫು ಎಂದು ನಾನು ಆಮೇಲೆ ಯೋಚಿಸಿದ್ದುಂಟು. ಆರ್‌ಟಿಒದವರು ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿಸಿಕೊಂಡು, ಹದಿನೈದು ವರ್ಷವಾದ ಕೂಡಲೇ ಕಾರು ಬದುಕಿದೆಯೇ ತಂದು ತೋರಿಸಿ ಅನ್ನುತ್ತಾರೆ. ಕಾರು ಮಾಡಿದವರ ಲೆಕ್ಕದಲ್ಲಿ ಲೈಫೆಂದರೆ ಗ್ಯಾರಂಟಿ ಮುಗಿಯುವವರೆಗೆ. ನಮ್ಮನೆಯವರ ಲೆಕ್ಕದಲ್ಲಿ ಅದು ಅವರದೇ ಲೈಫು. ನನ್ನದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿರಲಿಲ್ಲ.

ಮುನಿರಾಜು ಹಾಗಿದ್ದರೆ ಈಗ ಮುಟ್ಟುವುದೇ ಬೇಡ ಎಂದುಬಿಟ್ಟರು. ಹಿಂದೊಮ್ಮೆ ಇಂಥದೇ ಹಳೆಯ ಕಾರಿನ ಎಣ್ಣೆಯನ್ನು ಪೂರ್ತಿ ತೆಗೆದು, ಒಳಗೆಲ್ಲ ಮಷೀನಿನಲ್ಲಿ ತೊಳೆದು ಹೊಸದು ಹಾಕಿದ್ದರಂತೆ. ಸ್ವಲ್ಪ ದಿನದಲ್ಲೇ ಆ ಕಾರು ಮುಂದಕ್ಕೆ ಹೋಗುವುದನ್ನೇ ಬಿಟ್ಟಿತಂತೆ. ಎಣ್ಣೆ ಬದಲಾಯಿಸಿದ್ದಕ್ಕೆ ಹೋಯಿತೋ, ಹೋಗುವ ಹೊತ್ತಿಗೇ ಎಣ್ಣೆ ಬದಲಾಯಿತೋ ಅವರಿಗೂ ಗೊತ್ತಿಲ್ಲ. ಆದರೆ ಆ ಕಾರಿನವರು ಕನಕಪುರ ರಸ್ತೆಯಲ್ಲಿ ಎದುರಾದರೆ ಈಗಲೂ ಮುಖ ತಿರುಗಿಸುತ್ತಾರಂತೆ. ಇಷ್ಟು ವರ್ಷ ಓಡಿದೆ, ಓಡುವವರೆಗೂ ಓಡಲಿ ಬಿಡಿ ಸಾರ್ ಎಂದರು. ನಮ್ಮನೆಯವರಿಗೆ ಈ ಮಾತು ಬಹಳ ಹಿಡಿಸಿತು.

ಎಣ್ಣೆ ಹೇಗಿದೆ ಎಂದಾದರೂ ನೋಡೋಣ ಎಂದೆ ನಾನು. ಮುನಿರಾಜು ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಈ ಎಣ್ಣೆ ಹೊಸದಾಗಿದ್ದಾಗ ದಾಸವಾಳದ ಹಾಗೆ ಕೆಂಪಗಿರುತ್ತದೆ. ನಮ್ಮದು ಹುಣಸೆರಸದ ಬಣ್ಣಕ್ಕೆ ಬಂದಿತ್ತು. ಗಂಡಸರಿಬ್ಬರೂ ಬಟ್ಟೆಯನ್ನು ಬೆಳಕಿಗೆ ಹಿಡಿದು, ಇದು ಕಂದೋ ಕಪ್ಪೋ ಎಂದು ಚರ್ಚೆಗೆ ನಿಂತರು. ನಾನು ಬಟ್ಟೆ ಈಸಿಕೊಂಡು ಮೂಗಿಗೆ ಹಿಡಿದೆ. ಅಡುಗೆಮನೆಯಲ್ಲಿ ಇಷ್ಟು ವರ್ಷ ನಿಂತದ್ದಕ್ಕೆ ಒಂದು ವಿದ್ಯೆ ಬಂದಿದೆ. ಹಳಸಿದ ವಾಸನೆ ಬೇರೆ, ತಳ ಹತ್ತಿದ ವಾಸನೆ ಬೇರೆ. ತಳ ಹತ್ತಿದ್ದನ್ನು ಉಳಿಸಲಾಗುವುದಿಲ್ಲ. ಇದಕ್ಕೆ ತಳ ಹತ್ತಿರಲಿಲ್ಲ. ಮುನಿರಾಜು ತಾವೂ ಮೂಸಿ ನೋಡಿ, ಸೀದ ವಾಸನೆ ಇಲ್ಲ, ಗೇರು ಹಿಡಿಯುವ ಒಳಗಿನ ಪ್ಲೇಟುಗಳು ಸುಟ್ಟಿರಲಾರವು ಎಂದು ಒಪ್ಪಿದರು. ಗ್ಯಾರಂಟಿ ಮಾತ್ರ ಹೇಳುವುದಿಲ್ಲ ಎಂದರು.

“ಬದಲಾಯಿಸಿದ ಮೇಲೆ ನಿಂತೇ ಹೋದ್ರೆ? ಈಗ ಮನೇಲಾದ್ರೂ ಇರುತ್ತೆ” ಎಂದರು ನಮ್ಮನೆಯವರು.

ನನಗೆ ಸಿಟ್ಟು ಬಂತು, ಬಂದದ್ದನ್ನು ಮುಚ್ಚಿಡುವುದೇನು. “ಮನೇಲಿ ಇಟ್ಕೊಳ್ಳೋಕೆ ಅದೇನು ಷೋಕೇಸಿನ ಗೊಂಬೆನಾ? ಕೆಟ್ರೆ ಓಡ್ಸಿ ಕೆಡ್ಲಿ ರೀ, ನಿಲ್ಸಿ ಕೆಡಿಸೋದು ಬೇಡ. ಅಕ್ಕನ್ನ ಕರ್ಕೊಂಡು ಹೋಗೋಕೆ ನಂಗೆ ಬೇರೆ ಕಾಲಿಲ್ಲ” ಎಂದೆ.

ಮುನಿರಾಜು ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಇನ್ನು ಯಾವ ಎಣ್ಣೆ ಎಂಬ ಪ್ರಶ್ನೆ. ಬಸವನಗುಡಿಯ ಕಡೆ ಹೆಣ್ಣಿಗೆ ಗಂಡು ನೋಡುವಾಗಲೂ ಇಷ್ಟು ವಿಚಾರಣೆ ನಡೆಯುವುದಿಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಒಂದು ಹೆಸರಿತ್ತು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೇಳಿದರೆ, ಆ ಎಣ್ಣೆ ಬರುವುದು ನಿಂತು ಕಾಲವಾಯಿತು, ಅದರ ಬದಲಿಗೆ ಬಂದದ್ದೂ ನಿಂತು ಈಗ ಬದಲಿಯ ಬದಲಿ ಬರುತ್ತಿದೆ ಎಂದರು. ಪಕ್ಕದಲ್ಲೇ, ಎಲ್ಲ ಕಾರಿಗೂ ಆಗುತ್ತದೆ ಎಂದು ದೊಡ್ಡಕ್ಷರದಲ್ಲಿ ಹೇಳಿಕೊಂಡ ಇನ್ನೊಂದು ಡಬ್ಬಿ. ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವ ಇವರ ಗೆಳೆಯರಲ್ಲಿ, ಕೆಂಪಗಿದ್ದರೆ ಸಾಕು ಎನ್ನುವವರದ್ದು ಒಂದು ಪಂಗಡ, ಪುಸ್ತಕದಲ್ಲಿರುವುದೇ ಬೇಕು ಎನ್ನುವವರದ್ದು ಇನ್ನೊಂದು. ಅವರಲ್ಲಿ ಒಬ್ಬರೂ ಆಟೋಮ್ಯಾಟಿಕ್ ಕಾರು ಇಟ್ಟವರಲ್ಲ. ಆದ್ದರಿಂದ ಅಭಿಪ್ರಾಯಗಳೆಲ್ಲ ಬಹಳ ಖಚಿತವಾಗಿದ್ದವು.

ಇಲ್ಲಿ ನಮ್ಮನೆಯವರ ಹಳೆಯ ಉದ್ಯೋಗ ಕೈ ಹಿಡಿಯಿತು. ಒಲ್ಲದ ಮನಸ್ಸಿನಿಂದ ಬಂದವರು ಅಂಗಡಿಯಲ್ಲಿ ಹಠಕ್ಕೆ ಬಿದ್ದರು. ಭೂತಗನ್ನಡಿ ಹಿಡಿದು ಡಬ್ಬಿಗಳ ಬೆನ್ನ ಮೇಲಿನ ಸಣ್ಣಕ್ಷರವನ್ನೆಲ್ಲ ಓದಿ, ಒಂದೊಂದನ್ನೇ ಫೇಲು ಮಾಡಿ ಬದಿಗಿಟ್ಟರು. ಕೊನೆಗೆ ಕಾರು ಮಾಡಿದವರದೇ ಡಬ್ಬಿಯೊಂದು ಸಿಕ್ಕಿತು. ಅದರ ಬೆನ್ನ ಮೇಲೆ ನಮ್ಮ ಪುಸ್ತಕದ ಹಳೆಯ ಹೆಸರನ್ನೂ ಮರೆಯದೆ ನಮೂದಿಸಿದ್ದರು. ಎಲ್ಲರಿಗೂ ಆಗುತ್ತೇನೆ ಅನ್ನುವವರ ಮೇಲೆ ನನಗೂ ನಂಬಿಕೆ ಕಡಿಮೆ. ಇದನ್ನೇ ತಂದೆವು.

ಮುನಿರಾಜು ಈ ಸಲ ತೊಳೆಯುವ ಗೋಜಿಗೆ ಹೋಗಲಿಲ್ಲ. ಅಡಿಯ ತಿರುಪು ಬಿಚ್ಚಿದರೆ ಗೇರ್‌ಬಾಕ್ಸಿನ ಎಣ್ಣೆ ಪೂರ್ತಿ ಬರುವುದಿಲ್ಲ, ಅರ್ಧಕ್ಕಿಂತ ಕಡಿಮೆಯೇ ಬರುತ್ತದೆ. ಉಳಿದದ್ದು ಒಳಮೂಲೆಗಳಲ್ಲಿ ಕೂತಿರುತ್ತದೆ. ಬಂದಷ್ಟನ್ನು ಅಳೆದು ಅಷ್ಟೇ ಹೊಸದು ಹಾಕುವುದು, ಕೆಲವು ವಾರ ಓಡಿಸುವುದು, ಮತ್ತೆ ಬಿಚ್ಚುವುದು. ಹೀಗೆ ಕಂತಿನಲ್ಲಿ ಮಾಡಿದರೆ ಹಳೆಯ ಗೇರಿಗೆ ಗಾಬರಿಯಾಗುವುದಿಲ್ಲ ಎಂದು ಮೂವರೂ ಸೇರಿ ಗೊತ್ತುಮಾಡಿದೆವು. ಅರವತ್ತು ದಾಟಿದವರ ಸಂಸಾರದಲ್ಲಿ ಸುಧಾರಣೆ ಆಗುವುದಾದರೆ ಈ ಕ್ರಮದಲ್ಲೇ ಆಗಬೇಕು.

ಹೊಸ ಎಣ್ಣೆ ಹೊಯ್ದ ಮೇಲೆ ಇನ್ನೊಂದು ಕೆಲಸವಿದೆ. ಎಂಜಿನ್ ಓಡುತ್ತಿರುವಾಗಲೇ, ಬ್ರೇಕ್ ಒತ್ತಿ ಹಿಡಿದು, ಗೇರಿನ ಹಿಡಿಯನ್ನು ಒಂದೊಂದು ಮನೆಯಲ್ಲೂ ತುಸು ನಿಲ್ಲಿಸುತ್ತ ಇಳಿಸಿ ಏರಿಸಬೇಕು. ಆಗ ಎಣ್ಣೆ ಎಲ್ಲ ಕಡೆಗೂ ಹರಿಯುತ್ತದೆ, ಆಮೇಲೆ ಮಟ್ಟ ನೋಡಬೇಕು. ಯಾರು ಕೂರುತ್ತೀರಿ ಎಂದು ಮುನಿರಾಜು ಕೇಳಿದರು. ನಾನು ನಮ್ಮನೆಯವರನ್ನು ನೋಡಿದೆ. ಅವರು ಚಪ್ಪಲಿ ಬಿಟ್ಟು ಹತ್ತಿ ಕೂತು, ಪಿ, ಆರ್, ಎನ್, ಡಿ ಎಂದು ಬಾಯಲ್ಲೇ ಅಂದುಕೊಳ್ಳುತ್ತ ಇಳಿಸಿದರು, ಅದೇ ಶ್ರದ್ಧೆಯಿಂದ ಏರಿಸಿದರು. ಸಾರ್ ಸಖತ್ತಾಗಿ ಮಾಡ್ತಾರೆ ಎಂದರು ಮುನಿರಾಜು. ಇವರ ಮುಖ ಅರಳಿತು. ನನ್ನ ಸಿಟ್ಟೂ ಅಲ್ಲಿಗೆ ಇಳಿಯಿತು.

ಮೊದಲ ಕಂತಿನಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಾನು ಮತ್ತೆ ಗುರುವಾರ ಗೊಟ್ಟಿಗೆರೆಗೆ ಹೊರಟೆ. ಬನ್ನೇರುಘಟ್ಟ ರಸ್ತೆಯ ಒಂದೊಂದು ಸಿಗ್ನಲ್ಲಿನಲ್ಲೂ ಕಾಲು ತೆಗೆದಾಗ ಕಾರು ತಡವರಿಸುತ್ತಿತ್ತು, ಆದರೆ ಹೊರಡುತ್ತಿತ್ತು. ಎರಡನೆಯ ಕಂತಾದ ಮೇಲೆ ತಡವರಿಕೆ ಇದೆಯೋ ನನ್ನ ಭ್ರಮೆಯೋ ತಿಳಿಯದ ಹಾಗಾಯಿತು. ಮೂರನೆಯ ಸಲ ಕೆಳಗಿಳಿದ ಎಣ್ಣೆ ಕೆಂಪಿಗೆ ಹತ್ತಿರವಿತ್ತು. ಅಕ್ಕನಿಗೆ ಇದ್ಯಾವುದೂ ಗೊತ್ತಿಲ್ಲ. ಅವಳು ಎಡಕ್ಕೆ ಅನ್ನುತ್ತಿದ್ದಳು, ನಾನು ತಿರುಗಿಸುತ್ತಿದ್ದೆ.

ಈ ವರ್ಷದ ಆಯುಧಪೂಜೆಗೆ ನಮ್ಮನೆಯವರು ಸಣ್ಣ ನಿಂಬೆಹಣ್ಣುಗಳನ್ನೇ ಆರಿಸಿ ತಂದಿದ್ದರು. ಹಳೆಯ ವಾದವನ್ನು ಪೂರ್ತಿ ಬಿಟ್ಟಿರಲಿಲ್ಲ. ಅವನ್ನು ಚಕ್ರದಡಿ ಇಟ್ಟು, ಪಂಚೆ ಎತ್ತಿ ಕಟ್ಟಿ, ಕಾರಿನ ಬಾಗಿಲವರೆಗೆ ಹೋದವರು ಅಲ್ಲೇ ನಿಂತು ಕೀಯನ್ನು ನನ್ನತ್ತ ಚಾಚಿದರು.

“ನೀನೇ ಹತ್ಸು. ಅದಕ್ಕೆ ನಿನ್ನ ಕಾಲೇ ಅಭ್ಯಾಸ” ಎಂದರು.

ಆರತಿ ತಟ್ಟೆ ಅವರ ಕೈಗೆ ಹೋಯಿತು. ನಾನು ಕೂತು, ಡಿಗೆ ಹಾಕಿ ಕಾಲು ತೆಗೆದೆ. ಕಾರು ಹೊರಟಿತು. ನಿಂಬೆಹಣ್ಣು ಒಡೆದದ್ದು ಕೂಡ ನನಗೆ ತಿಳಿಯಲಿಲ್ಲ. ಕ್ರಮದ ಪ್ರಕಾರ ಅಲ್ಲಿ ನಿಲ್ಲಿಸಿ, ಹಿಂದಕ್ಕೆ ತಂದು, ಬೂದುಗುಂಬಳಕಾಯಿ ಒಡೆಯಬೇಕು. ಆದರೆ ಗೇಟು ತೆರೆದಿತ್ತು. ನಿಲ್ಲಿಸಲು ಮನಸ್ಸು ಬರಲಿಲ್ಲ.

ದಾರಿಯಲ್ಲಿ ಬಸ್ಸಿಗೂ ಆಟೋಗಳಿಗೂ ಹಾರವಿತ್ತು, ನಮ್ಮ ಹಾರವನ್ನು ಯಾರೂ ವಿಶೇಷವಾಗಿ ನೋಡಲಿಲ್ಲ. ಗೊಟ್ಟಿಗೆರೆಯಲ್ಲಿ ಅಕ್ಕನ ಮನೆಯ ಮುಂದೆ ನಿಲ್ಲಿಸುವಷ್ಟರಲ್ಲಿ ಫೋನು ಬಂತು. ಎಲ್ಲಿ ಹೋದೆ ಎಂದು ನಮ್ಮನೆಯವರು ಕೇಳಲಿಲ್ಲ, ಗೇರು ಹೇಗಿದೆ ಎಂದು ಕೇಳಿದರು. ದಾರಿಯುದ್ದಕ್ಕೂ ಗೇರಿನ ನೆನಪೇ ಬರಲಿಲ್ಲ ಎಂದೆ. ಹಾಗಾದರೆ ಎಣ್ಣೆ ಪಾಸು ಎಂದು ಹೇಳಿ ಇಟ್ಟರು.

ಅಕ್ಕ ಬಾಗಿಲಿಗೆ ಬಂದು ಹಾರ ನೋಡಿದಳು, ಕುಂಕುಮ ನೋಡಿದಳು, ಕೊನೆಗೆ ನನ್ನ ಕಾಲು ನೋಡಿದಳು. ಪೂಜೆಗೆಂದು ಬಿಟ್ಟ ಚಪ್ಪಲಿ ಜೆ.ಪಿ. ನಗರದಲ್ಲೇ ಉಳಿದಿದೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

“ಬರಿಗಾಲಲ್ಲಿ ಎಲ್ಲಿಗೆ ಹೊರಟಿದೀಯೇ?” ಎಂದಳು.

ಗೊತ್ತಿಲ್ಲ ಎಂದೆ.

ಅಕ್ಕ ತನ್ನ ಕಾಲಲ್ಲಿದ್ದ ಚಪ್ಪಲಿಯನ್ನು ಹೊಸಿಲ ಬಳಿಯೇ ಬಿಟ್ಟು ಬಂದು, ಪಕ್ಕದ ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡಳು.